ಬಾಟಲಿಗೊಂದು ಕಾನೂನು, ಬಾವಿಗೊಂದು ಕಾನೂನು

2003ರ ಫೆಬ್ರವರಿಯಲ್ಲಿ ದೆಹಲಿಯ ಸಿಎಸ್‌ಇ, ಅಂದರೆ ವಿಜ್ಞಾನ ಮತ್ತು ಪರಿಸರ ಕೇಂದ್ರ, ಬಾಟಲಿ ನೀರಿನ ಪರೀಕ್ಷಾ ವರದಿಯೊಂದನ್ನು ಹೊರಗೆ ಬಿಟ್ಟಿತು. ದೆಹಲಿ ಕಡೆ ಮಾರುತ್ತಿದ್ದ 17 ಬ್ರಾಂಡುಗಳು, ಮುಂಬಯಿ ಕಡೆಯ 13 ಬ್ರಾಂಡುಗಳು. ಲಿಂಡೇನ್, ಡಿಡಿಟಿ, ಮೆಲಾಥಿಯಾನ್, ಕ್ಲೋರ್‌ಪೈರಿಫಾಸ್ ಎಂಬ, ಗೊಬ್ಬರದಂಗಡಿಯ ಕಪಾಟಿನಲ್ಲಿ ಇರಬೇಕಾದ ಹೆಸರುಗಳು ಸೀಲು ಒಡೆಯದ ಬಾಟಲಿಯೊಳಗೆ ಸಿಕ್ಕಿದವು. ಕಂಪನಿಗಳೇನೂ ವಿಷ ಬೆರೆಸಿರಲಿಲ್ಲ. ಬೋರ್‌ವೆಲ್ ಕೊರೆದು, ನೀರೆತ್ತಿ, ಸೋಸಿ, ತುಂಬಿ ಮಾರಿದ್ದವು, ಅಷ್ಟೇ. ವಿಷ ನೆಲದೊಳಗಿನ ನೀರಿನಲ್ಲೇ ಇತ್ತು.

ಮುಂದಿನದು ಬಹಳ ಜನರಿಗೆ ನೆನಪಿದೆ. ಆಗಸ್ಟ್‌ನಲ್ಲಿ ತಂಪು ಪಾನೀಯಗಳ ಸರದಿ ಬಂತು, ಸಂಸತ್ತಿನಲ್ಲಿ ಗದ್ದಲವಾಯಿತು, ಶರದ್ ಪವಾರ್ ಅಧ್ಯಕ್ಷತೆಯಲ್ಲಿ ಜಂಟಿ ಸಂಸದೀಯ ಸಮಿತಿ ಕೂತಿತು. ಆದರೆ ಬಾಟಲಿ ನೀರಿನ ಮಟ್ಟಿಗೆ ಕೆಲಸ ಅದಕ್ಕೂ ಮೊದಲೇ ಮುಗಿದಿತ್ತು. ಜುಲೈ ಹೊತ್ತಿಗೆ ಹೊಸ ನಿಯಮ ಪ್ರಕಟವಾಯಿತು, 2004ರ ಜನವರಿ 1ರಿಂದ ಜಾರಿಗೂ ಬಂತು. ಒಂದು ಲೀಟರ್ ಬಾಟಲಿ ನೀರಿನಲ್ಲಿ ಯಾವುದೇ ಒಂದು ಕೀಟನಾಶಕ 0.1 ಮೈಕ್ರೋಗ್ರಾಂ ಮೀರಬಾರದು. ಎಲ್ಲ ಕೀಟನಾಶಕಗಳೂ ಸೇರಿ 0.5 ಮೀರಬಾರದು. ಯುರೋಪು ತನ್ನ ಕುಡಿಯುವ ನೀರಿಗೆ ಇಟ್ಟುಕೊಂಡಿರುವ ಅದೇ ಅಳತೆ. ವರದಿ ಬಂದು ನಿಯಮ ಬದಲಾಗಲು ಆರು ತಿಂಗಳೂ ಹಿಡಿಯಲಿಲ್ಲ. ಭಾರತ ಸರ್ಕಾರ ನಿಧಾನ ಎಂದು ದೂರುವವರು ಈ ಪ್ರಸಂಗವನ್ನು ಒಮ್ಮೆ ನೋಡಬೇಕು.

ಆ ಆರು ತಿಂಗಳಲ್ಲಿ ಒಂದು ಪ್ರಶ್ನೆ ಮಾತ್ರ ಯಾರ ಬಾಯಲ್ಲೂ ಗಟ್ಟಿಯಾಗಿ ಬರಲಿಲ್ಲ. ಕಂಪನಿಯ ಕಾಂಪೌಂಡಿನ ಒಳಗಿನ ಬೋರ್‌ವೆಲ್‌ನಲ್ಲಿ ಕೀಟನಾಶಕವಿದ್ದರೆ, ಕಾಂಪೌಂಡಿನ ಆಚೆ ಅದೇ ನೆಲದ ನೀರನ್ನು ಕೈಪಂಪಿನಲ್ಲಿ ಎತ್ತಿ ಕುಡಿಯುವವರ ಗತಿ ಏನು? ಕಂಪನಿಗೆ ಕಾನೂನು ಹೇಳಿದ್ದು ಇನ್ನಷ್ಟು ಚೆನ್ನಾಗಿ ಸೋಸು ಎಂದು. ಕಂಪನಿ ಕಾರ್ಬನ್ ಫಿಲ್ಟರ್ ಹಾಕಿತು, ಬಾಟಲಿ ಶುದ್ಧವಾಯಿತು. ನೆಲದ ನೀರು ಇದ್ದ ಹಾಗೇ ಉಳಿಯಿತು.

ಉಳಿಯಿತು ಎನ್ನುವುದೂ ಪೂರ್ತಿ ಸರಿಯಲ್ಲ. ಬಾವಿ, ಬೋರ್‌ವೆಲ್, ನಲ್ಲಿ ಇವುಗಳ ನೀರಿಗೆ ಭಾರತೀಯ ಮಾನಕ ಬ್ಯೂರೋ ಬೇರೆಯದೇ ಒಂದು ಮಾನಕ ಇಟ್ಟಿದೆ; ಅದರ ಸಂಖ್ಯೆ ಐಎಸ್ 10500. 1991ರ ಆವೃತ್ತಿಯಲ್ಲಿ ಕೀಟನಾಶಕದ ಸಾಲಿನೆದುರು ಇದ್ದ ಮಾತು ‘ಇರಕೂಡದು’ ಎಂಬರ್ಥದ್ದು. ಬೇರೆ ನೀರೇ ಇಲ್ಲದ ಕಡೆ ಲೀಟರಿಗೆ 1 ಮೈಕ್ರೋಗ್ರಾಂವರೆಗೆ ವಿನಾಯಿತಿ. 2012ರಲ್ಲಿ ಮಾನಕವನ್ನು ಪರಿಷ್ಕರಿಸಿದಾಗ ಆ ಒಂದು ಸಾಲಿನ ಬದಲು 18 ಕೀಟನಾಶಕಗಳ ಪಟ್ಟಿ ಬಂತು, ಪ್ರತಿಯೊಂದಕ್ಕೂ ಬೇರೆ ಬೇರೆ ಮಿತಿ. ಅಟ್ರಾಜಿನ್ 2 ಮೈಕ್ರೋಗ್ರಾಂ. ಕ್ಲೋರ್‌ಪೈರಿಫಾಸ್ 30. ಬ್ಯುಟಾಕ್ಲೋರ್ 125. ಮೆಲಾಥಿಯಾನ್ 190.

ಮೈಕ್ರೋಗ್ರಾಂ ಎಂದರೆ ತಲೆಗೆ ಹೋಗುವುದಿಲ್ಲ, ಹಾಗಾಗಿ ಹೀಗೆ ನೋಡಬಹುದು. ಬಾಟಲಿ ನೀರಿನಲ್ಲಿ 1 ಗ್ರಾಂ ಮೆಲಾಥಿಯಾನ್ ಇರಬಹುದಾದರೆ ಆ ನೀರು ಕನಿಷ್ಠ 1 ಕೋಟಿ ಲೀಟರ್ ಇರಬೇಕು. ಬೋರ್‌ವೆಲ್ ನೀರಾದರೆ ಐದು ಸಾವಿರ ಚಿಲ್ಲರೆ ಲೀಟರ್ ಸಾಕು. ಅಂದರೆ ಬೇಸಿಗೆಯಲ್ಲಿ ಅಪಾರ್ಟ್‌ಮೆಂಟಿನ ಮುಂದೆ ನಿಲ್ಲುವ ಒಂದು ಟ್ಯಾಂಕರ್. ಒಂದೇ ದೇಶ, ಅದೇ ರಾಸಾಯನಿಕ, ಅದೇ ಮನುಷ್ಯನ ಹೊಟ್ಟೆ. ಮಿತಿಯಲ್ಲಿ 1,900 ಪಟ್ಟು ವ್ಯತ್ಯಾಸ. ಕ್ಲೋರ್‌ಪೈರಿಫಾಸ್‌ಗೆ 300 ಪಟ್ಟು, ಅಟ್ರಾಜಿನ್‌ಗೆ 20 ಪಟ್ಟು.

ಮಗ ಪುಣೆಯಲ್ಲೋ ಚೆನ್ನೈನಲ್ಲೋ 20 ಲೀಟರಿನ ಕ್ಯಾನ್ ತರಿಸಿಕೊಂಡು ಕುಡಿಯುತ್ತಾನೆ, ಊರಿನಲ್ಲಿ ಅವ್ವ ಬೋರಿನ ನೀರು ಕುಡಿಯುತ್ತಾಳೆ ಎಂಬ ಮನೆಗಳು ರಾಣೆಬೆನ್ನೂರು, ಹರಿಹರ, ಹಿರೇಕೆರೂರಿನ ಸುತ್ತ ಲೆಕ್ಕವಿಲ್ಲದಷ್ಟಿವೆ. ಆ ಇಬ್ಬರಿಗೂ ಕಾನೂನು ಒಂದಲ್ಲ. ಇದನ್ನು ಕಣ್ತಪ್ಪು ಎನ್ನಲು ಬರುವುದಿಲ್ಲ. ಎರಡೂ ನಿಯಮ ಬರೆದವರಿಗೆ ಇನ್ನೊಂದು ನಿಯಮ ಇರುವುದು ಗೊತ್ತಿತ್ತು.

ಅಟ್ರಾಜಿನ್ ಅನ್ನೇ ಹಿಡಿದು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಇದು ಕಳೆನಾಶಕ, 1950ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಗೈಗಿ ಕಂಪನಿ ಹುಟ್ಟುಹಾಕಿದ್ದು. (ಭಾರತದ ಕಾನೂನಿಗೆ ಕಳೆನಾಶಕವೂ ಕೀಟನಾಶಕವೇ. 1968ರ ಕಾಯ್ದೆಯ ಹೆಸರೇ ಕೀಟನಾಶಕ ಕಾಯ್ದೆ, ಹುಲ್ಲನ್ನು ಕೊಲ್ಲುವುದೂ ಅದರಡಿಯಲ್ಲೇ ಬರುತ್ತದೆ.) ಮೆಕ್ಕೆಜೋಳಕ್ಕೆ ಅದು ಏನೂ ಮಾಡುವುದಿಲ್ಲ, ಸುತ್ತಲಿನ ಕಳೆ ಸಾಯುತ್ತದೆ. ದಾವಣಗೆರೆ, ಹಾವೇರಿ ಜಿಲ್ಲೆಗಳಲ್ಲಿ ಜೋಳ, ಹತ್ತಿ, ಶೇಂಗಾ ಇದ್ದ ಹೊಲಗಳನ್ನು ಕಳೆದ ಮೂರು ದಶಕಗಳಲ್ಲಿ ಮೆಕ್ಕೆಜೋಳ, ಆ ಕಡೆಯವರ ಬಾಯಲ್ಲಿ ಗೋವಿನಜೋಳ, ಆವರಿಸಿಕೊಂಡಿದೆ. ಅದನ್ನು ಬೆಳೆದವರ ಮನೆಯಲ್ಲಿ ರೊಟ್ಟಿ ಮಾಡುವುದಿಲ್ಲ. ಅದು ಹೋಗುವುದು ಕೋಳಿ ಫಾರಂಗೆ, ಸ್ಟಾರ್ಚ್ ಫ್ಯಾಕ್ಟರಿಗೆ, ಈಚಿನ ವರ್ಷಗಳಲ್ಲಿ ಪೆಟ್ರೋಲಿಗೆ ಬೆರೆಸುವ ಎಥನಾಲ್‌ಗೆ. ಹೈದರಾಬಾದಿನ ಮೊಟ್ಟೆಯಲ್ಲಿ, ಚೆನ್ನೈನ ಚಿಕನ್ನಿನಲ್ಲಿ ಈ ಹೊಲಗಳ ಪಾಲಿದೆ.

ಬಿತ್ತನೆ ಆಗುವುದು ಜೂನ್ ಆಸುಪಾಸು, ಮುಂಗಾರಿನ ಮೊದಲ ಹದ ನೋಡಿಕೊಂಡು. ಅಟ್ರಾಜಿನ್ ಹೊಡೆಯುವುದು ಬಿತ್ತಿದ ಎರಡು ಮೂರು ದಿನದೊಳಗೆ, ಬೆಳೆಯೂ ಕಳೆಯೂ ಮೇಲೆ ಬರುವ ಮುನ್ನ, ಬರಿ ಮಣ್ಣಿನ ಮೇಲೆ. ಮಣ್ಣಿನಲ್ಲಿ ತೇವ ಇದ್ದರೆ ಮಾತ್ರ ಕೆಲಸ ಮಾಡುತ್ತದೆ. ಎಲೆಯ ಮೇಲೆ ಬಿದ್ದು ಉಳಿಯುವ ಪ್ರಶ್ನೆಯೇ ಇಲ್ಲ. ಹೊಡೆದದ್ದಷ್ಟೂ ನೇರ ನೆಲಕ್ಕೆ, ಅದೂ ಮಳೆಗಾಲದ ಬಾಗಿಲಲ್ಲಿ.

ಅಲ್ಲಿಂದ ಕೆಳಗಿನ ದಾರಿಯಲ್ಲಿ ಒಂದು ರಾಸಾಯನಿಕದ ಹಣೆಬರಹ ತೀರ್ಮಾನವಾಗುವುದು ಎರಡು ಗುಣಗಳಿಂದ: ಮಣ್ಣಿಗೆ ಎಷ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಕೊಳೆತು ಒಡೆಯಲು ಎಷ್ಟು ದಿನ ತೆಗೆದುಕೊಳ್ಳುತ್ತದೆ. ಡಿಡಿಟಿ ದಶಕಗಟ್ಟಲೆ ಉಳಿಯುತ್ತದೆ, ಆದರೆ ಮಣ್ಣಿನ ಕಣಕ್ಕೆ ಕಚ್ಚಿಕೊಂಡಿರುತ್ತದೆ. ಮಣ್ಣು ಕೊಚ್ಚಿಹೋದಾಗ ಅದರೊಂದಿಗೆ ಕೆರೆಗೆ ಹೋಗುತ್ತದೆ. ಇನ್ನು ಕೆಲವು ನೀರಿನಲ್ಲಿ ಚೆನ್ನಾಗಿ ಕರಗುತ್ತವೆ, ಆದರೆ ಕೆಲವೇ ದಿನಗಳಲ್ಲಿ ಒಡೆದುಹೋಗುತ್ತವೆ. ಅಟ್ರಾಜಿನ್‌ನ ಕಷ್ಟವೆಂದರೆ ಎರಡೂ ಕಡೆಯ ಕೆಟ್ಟ ಗುಣ ಅದರಲ್ಲಿರುವುದು. ಮಣ್ಣಿಗೆ ಸಡಿಲವಾಗಿ ಅಂಟುತ್ತದೆ, ಅರ್ಧದಷ್ಟು ಒಡೆಯಲು ಸುಮಾರು ಎರಡು ತಿಂಗಳು ಬೇಕು. ಮಳೆ ನೀರಿನ ಜೊತೆ ಕೆಳಗಿಳಿಯಲು ಅಷ್ಟು ಬಿಡುವು ಧಾರಾಳವಾಯಿತು. ಬೇರಿನ ಮಟ್ಟ ದಾಟಿದ ಮೇಲೆ ಒಡೆಯುವ ಕೆಲಸ ಬಹುಪಾಲು ನಿಂತೇ ಹೋಗುತ್ತದೆ. ಅಲ್ಲಿ ಬೆಳಕಿಲ್ಲ, ರಾಸಾಯನಿಕವನ್ನು ತಿಂದು ಮುಗಿಸುವ ಸೂಕ್ಷ್ಮಾಣುಗಳು ಕಡಿಮೆ. ಜರ್ಮನಿ ಅಟ್ರಾಜಿನ್ ನಿಷೇಧಿಸಿದ್ದು 1991ರಲ್ಲಿ. ಮೂವತ್ತು ವರ್ಷ ಕಳೆದರೂ ಅಲ್ಲಿನ ಅಂತರ್ಜಲದಲ್ಲಿ ಅದೂ ಅದರ ಒಡಕುಗಳೂ ಸಿಗುತ್ತಲೇ ಇದ್ದವು.

ಒಡಕು ಎಂಬ ಮಾತು ಮುಖ್ಯ. ಅಟ್ರಾಜಿನ್ ಮಣ್ಣಿನಲ್ಲಿ ಮಾಯವಾಗುವುದಿಲ್ಲ. ಮೊದಲು ಒಂದು ತುಂಡು ಕಳಚಿಕೊಂಡು ಡಿಈಥೈಲ್ ಅಟ್ರಾಜಿನ್ ಎಂಬ ಇನ್ನೊಂದು ವಸ್ತುವಾಗುತ್ತದೆ. ಅದು ತಾಯಿಗಿಂತ ಚುರುಕು, ಮಣ್ಣಿಗೆ ಇನ್ನೂ ಕಡಿಮೆ ಅಂಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮಿತಿ ಹೇಳುವಾಗ ಇಂಥ ಒಡಕುಗಳನ್ನೂ ಸೇರಿಸಿ ಲೆಕ್ಕ ಹಾಕುತ್ತದೆ. ಐಎಸ್ 10500ರ ಪಟ್ಟಿಯಲ್ಲಿರುವುದು ಅಟ್ರಾಜಿನ್ ಎಂಬ ಹೆಸರು ಮಾತ್ರ. ನೆಲದೊಳಗೆ ಹೋಗುತ್ತಾ ಹೆಸರು ಬದಲಿಸಿಕೊಂಡ ಆಸಾಮಿಯನ್ನು ಹಳೆಯ ಹೆಸರು ಹಿಡಿದು ಹುಡುಕುವ ಪೊಲೀಸರ ಹಾಗೆ.

‘ಮಣ್ಣೇ ಸೋಸುತ್ತದೆ’ ಎಂಬ ನಂಬಿಕೆ ಊರಲ್ಲೂ ಇದೆ, ಕೃಷಿ ಇಲಾಖೆಯಲ್ಲೂ ಇದೆ. ಪೂರ್ತಿ ಸುಳ್ಳಲ್ಲ. ಮಣ್ಣಿನಲ್ಲಿ ಸಾವಯವ ಅಂಶ ಚೆನ್ನಾಗಿದ್ದರೆ ಇಂಥ ರಾಸಾಯನಿಕಗಳನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟರಲ್ಲಿ ಸೂಕ್ಷ್ಮಾಣುಗಳು ತಮ್ಮ ಕೆಲಸ ಮಾಡುತ್ತವೆ. ಆದರೆ ಸಾವಯವ ಅಂಶ ಬರುತ್ತಿದ್ದದ್ದು ತಿಪ್ಪೆಗೊಬ್ಬರದಿಂದ. ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ತಿಪ್ಪೆಯೂ ಸಣ್ಣದಾಗಿದೆ. ಒಣಬೇಸಾಯದ ಮಸಾರಿ ಹೊಲದಲ್ಲಿ ಹಿಡಿದಿಡುವ ಶಕ್ತಿ ಮೊದಲೇ ಕಡಿಮೆ.

ಎರೆ ಹೊಲದ ಕಥೆ ಇನ್ನೂ ಬೇರೆ. ಜೇಡಿ ಹೆಚ್ಚಿರುವ ಮಣ್ಣು ನೀರನ್ನು ಕೆಳಗೆ ಬಿಡುವುದಿಲ್ಲ ಎಂದು ಪುಸ್ತಕ ಹೇಳುತ್ತದೆ. ಆದರೆ ಬೇಸಿಗೆಯ ಎರೆಭೂಮಿಯನ್ನು ಕಂಡವರಿಗೆ ಗೊತ್ತು, ಕೈ ತೂರುವಷ್ಟು ಅಗಲದ ಬಿರುಕು, ಆಳ ಮಾರುದ್ದ. ಮೊದಲ ಜೋರು ಮಳೆಯ ನೀರು ಮಣ್ಣಿನ ಕಣಗಳ ನಡುವೆ ನಿಧಾನವಾಗಿ ಇಳಿಯುವುದಿಲ್ಲ, ಮೇಲಿನದನ್ನೆಲ್ಲ ತೊಳೆದುಕೊಂಡು ಬಿರುಕಿಗೆ ಧುಮುಕುತ್ತದೆ. ಮಣ್ಣು ನೆನೆದು ಉಬ್ಬಿ ಬಿರುಕು ಮುಚ್ಚಿಕೊಳ್ಳುವ ಹೊತ್ತಿಗೆ ಒಂದಷ್ಟು ನೀರು ಸೋಸುವ ಪದರವನ್ನೇ ದಾಟಿ ಹೋಗಿರುತ್ತದೆ. ಹರಗಿ ಹದ ಮಾಡಿದ ಮೇಲೂ ಮೇಲ್ಪದರವಷ್ಟೇ ಮುಚ್ಚುತ್ತದೆ, ಒಳಗಿನ ಸೀಳು ಬೇಗ ಮುಚ್ಚುವುದಿಲ್ಲ. ಕಳೆನಾಶಕ ಹೊಡೆಯುವ ವಾರವೂ ಅದೇ.

ಇನ್ನೂ ಕೆಳಗೆ ಹೋದರೆ ಗಟ್ಟಿ ಕಲ್ಲು. ಗಂಗಾ ಬಯಲಿನಲ್ಲಿ ಅಂತರ್ಜಲ ಇರುವುದು ನೂರಾರು ಅಡಿ ದಪ್ಪದ ಮರಳು, ಮಡ್ಡಿಯಲ್ಲಿ. ಕರ್ನಾಟಕದ ಬಯಲುಸೀಮೆಯಲ್ಲಿ ಅದು ಇರುವುದು ಬಂಡೆಯ ಸೀಳುಗಳಲ್ಲಿ. ಮೇಲಿನ ಮೆತ್ತನೆಯ ಪದರ ದಾಟಿ ಸೀಳಿಗೆ ಬಿದ್ದ ನೀರು ಪೈಪಿನಲ್ಲಿ ಹರಿದಂತೆ ಹರಿಯುತ್ತದೆ, ಅಲ್ಲಿ ಸೋಸಲು ಏನೂ ಇಲ್ಲ. ಅದರ ಮೇಲೆ ಮನುಷ್ಯ ಮಾಡಿಕೊಂಡ ಅಡ್ಡದಾರಿಗಳು. ಕೇಸಿಂಗ್ ಪೈಪಿನ ಸುತ್ತಲ ಸಂದಿಯನ್ನು ಸಿಮೆಂಟಿನಿಂದ ಮುಚ್ಚದೆ ಬಿಟ್ಟ ಬೋರು. ನೀರು ಬರಲಿಲ್ಲವೆಂದು ಕೈಬಿಟ್ಟ, ಚೀಲ ತುರುಕಿದ ಬೋರು. ಬೋರಿನ ಪಕ್ಕದಲ್ಲೇ ಔಷಧಿ ಕಲಸಿ, ಅಲ್ಲೇ ಪಂಪು ತೊಳೆಯುವ ರೂಢಿ. ಡ್ರಿಪ್‌ನಲ್ಲಿ ಔಷಧಿ ಬಿಡುವಾಗ ಕರೆಂಟು ಹೋದರೆ, ನೀರು ಹಿಂದಕ್ಕೆ ಬಾರದಂತೆ ತಡೆಯುವ ವಾಲ್ವ್ ಇಲ್ಲದ ಕಡೆ, ಕಲಸಿದ ನೀರು ಬೋರಿನೊಳಗೇ ವಾಪಸು ಹೋಗುತ್ತದೆ. ಬರಗಾಲದ ಊರುಗಳಲ್ಲಿ ಒಳ್ಳೆಯ ಕೆಲಸವೆಂದೇ ಪ್ರಚಾರವಾದ ಬೋರ್‌ವೆಲ್ ರೀಚಾರ್ಜ್‌ನಲ್ಲೂ ಇದೇ ಅಪಾಯವಿದೆ. ಹೊಲದ ಹರಿನೀರನ್ನು ಜಲ್ಲಿ, ಮರಳು ತುಂಬಿದ ಗುಂಡಿಯ ಮೂಲಕ ಬೋರಿಗೆ ಇಳಿಸಿದರೆ ನೀರಿನ ಮಟ್ಟವೇನೋ ಏರುತ್ತದೆ. ಆದರೆ ಜಲ್ಲಿ ಮರಳಿಗೆ ಕೆಸರು ಹಿಡಿಯಲು ಬರುತ್ತದೆ, ಕರಗಿದ ಕಳೆನಾಶಕ ಹಿಡಿಯಲು ಬರುವುದಿಲ್ಲ. ಜೂನ್ ತಿಂಗಳ ಮೊದಲ ಎರಡು ಮೂರು ಮಳೆಯ ಹರಿನೀರನ್ನು ಬೇರೆ ಕಡೆ ತಿರುಗಿಸಿ ಎಂಬ ಒಂದು ಮಾತನ್ನು ಹೇಳಲು ಖರ್ಚೇನೂ ಇರಲಿಲ್ಲ.

ಎಷ್ಟು ಇಳಿದರೆ ಎಷ್ಟಾಗುತ್ತದೆ ಎಂಬುದಕ್ಕೆ ಒಂದು ಕೈಲೆಕ್ಕ. ಹೆಕ್ಟೇರಿಗೆ, ಅಂದರೆ ಎರಡೂವರೆ ಎಕರೆಗೆ, 1 ಕಿಲೋ ಅಟ್ರಾಜಿನ್. ಮೆಕ್ಕೆಜೋಳಕ್ಕೆ ಇದು ಶಿಫಾರಸಿನ ಒಳಗಿನ ಪ್ರಮಾಣವೇ. ವರ್ಷದ ಮಳೆಯಲ್ಲಿ 100 ಮಿಲಿಮೀಟರ್ ನೀರು ನೆಲದಾಳಕ್ಕೆ ಇಳಿಯುತ್ತದೆ ಎಂದು ಧಾರಾಳವಾಗಿಯೇ ಇಟ್ಟುಕೊಂಡರೆ ಅದು 10 ಲಕ್ಷ ಲೀಟರ್. ಹೊಡೆದದ್ದರಲ್ಲಿ ಸಾವಿರಕ್ಕೆ ಒಂದು ಪಾಲು, 1 ಗ್ರಾಂ, ಆ ನೀರಿನೊಡನೆ ಹೋದರೆ ಲೀಟರಿಗೆ 1 ಮೈಕ್ರೋಗ್ರಾಂ ಆಯಿತು. 999 ಪಾಲನ್ನು ಮಣ್ಣು ನಿಷ್ಠೆಯಿಂದ ಹಿಡಿದಿಟ್ಟುಕೊಂಡ ಮೇಲಿನ ಲೆಕ್ಕ ಇದು. ಆ ನೀರನ್ನು ಬಾಟಲಿಗೆ ತುಂಬಿ ಮಾರಿದರೆ ಮಿತಿಯ ಹತ್ತು ಪಟ್ಟು, ಅಪರಾಧ. ಅದೇ ನೀರು ಪಂಚಾಯಿತಿ ನಲ್ಲಿಯಲ್ಲಿ ಬಂದರೆ ಮಿತಿಯ ಅರ್ಧ, ಯೋಗ್ಯ ನೀರು.

ಇದಕ್ಕೆ ಬರುವ ಮೊದಲ ಆಕ್ಷೇಪಣೆ ಗಟ್ಟಿಯಾದದ್ದೇ, ಅದನ್ನು ತಳ್ಳಿಹಾಕುವುದು ಸರಿಯಲ್ಲ. ಯುರೋಪಿನ 0.1 ಎಂಬ ಮಿತಿ ವಿಷಶಾಸ್ತ್ರದ ಲೆಕ್ಕದಿಂದ ಬಂದದ್ದಲ್ಲ. 1980ರಲ್ಲಿ ಅದನ್ನು ಇಟ್ಟಾಗ ಆಗಿನ ಯಂತ್ರಗಳಿಗೆ ಹೆಚ್ಚುಕಡಿಮೆ ಕಾಣುತ್ತಿದ್ದ ಕನಿಷ್ಠ ಪ್ರಮಾಣ ಅದು. ಕುಡಿಯುವ ನೀರಿನಲ್ಲಿ ಕೀಟನಾಶಕಕ್ಕೆ ಜಾಗವಿಲ್ಲ ಎಂಬ ನಿಲುವನ್ನು ಅಂಕಿಯಲ್ಲಿ ಬರೆದದ್ದು. ವಿಶ್ವ ಆರೋಗ್ಯ ಸಂಸ್ಥೆ ಅಟ್ರಾಜಿನ್‌ಗೆ ಮೊದಲು 2 ಮೈಕ್ರೋಗ್ರಾಂ ಇಟ್ಟು, ಆಮೇಲೆ ಒಡಕುಗಳೂ ಸೇರಿ 100 ಎಂದಿತು. ಅಮೆರಿಕದ ಮಿತಿ 3. 2002ರಲ್ಲಿ ಬರ್ಕ್ಲಿಯ ಟೈರೋನ್ ಹೇಯ್ಸ್ 0.1 ಮೈಕ್ರೋಗ್ರಾಂನಲ್ಲೇ ಕಪ್ಪೆಗಳ ಲಿಂಗಾಂಗಗಳು ವಿಕಾರವಾಗುತ್ತವೆ ಎಂದು ಪ್ರಕಟಿಸಿದರು. ಕಂಪನಿ ಅದನ್ನು ಒಪ್ಪಲಿಲ್ಲ, ಅಮೆರಿಕದ ಪರಿಸರ ಸಂಸ್ಥೆಯೂ ಕೊನೆಗೆ ಒಪ್ಪಲಿಲ್ಲ, ಜಗಳ ಮುಗಿದಿಲ್ಲ. ಆದ್ದರಿಂದ ಕಪ್ಪೆಗಳ ಮೇಲೆ ವಾದ ಕಟ್ಟುವ ಅಗತ್ಯವಿಲ್ಲ. ಪ್ರಶ್ನೆ ಇಷ್ಟೇ. 0.1 ಎಂಬುದು ಬರಿ ಭಯದ ಅಂಕಿಯಾದರೆ ಬಾಟಲಿಗೆ ಅದನ್ನೇಕೆ ಇಟ್ಟಿರಿ? ಎಚ್ಚರಿಕೆಯ ಅಂಕಿಯಾದರೆ ಬಾವಿಗೆ ಅದನ್ನೇಕೆ ಇಡಲಿಲ್ಲ? ಎರಡರಲ್ಲಿ ಒಂದನ್ನು ಹೇಳಬೇಕು. ಒಂದೇ ಬಾಯಿಂದ ಎರಡನ್ನೂ ಹೇಳಿದರೆ ಉಳಿಯುವ ಉತ್ತರ ಒಂದೇ: ಬಾಟಲಿ ಕೊಳ್ಳುವವರು ಗಲಾಟೆ ಮಾಡಬಲ್ಲರು.

ಎರಡನೆಯ ಆಕ್ಷೇಪಣೆ, ‘ಎಲ್ಲಿ ಸಿಕ್ಕಿದೆ, ತೋರಿಸಿ’ ಎಂಬುದು. ಹಾವೇರಿಯ ಬೋರುಗಳೆಲ್ಲ ಕೆಟ್ಟಿವೆ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಅಮೆರಿಕದ ಭೂವಿಜ್ಞಾನ ಸಂಸ್ಥೆ 1990ರ ದಶಕದಿಂದ ದೇಶದುದ್ದಕ್ಕೂ ಬಾವಿಗಳ ನೀರನ್ನು ಪರೀಕ್ಷಿಸಿದಾಗ ಅತಿ ಹೆಚ್ಚು ಸಲ ಕಂಡ ಹೆಸರುಗಳಲ್ಲಿ ಅಟ್ರಾಜಿನ್ ಮತ್ತು ಅದರ ಒಡಕು ಇದ್ದವು. ಹುಡುಕಿದ್ದರಿಂದ ಸಿಕ್ಕಿತು. ಇಲ್ಲಿ ಹುಡುಕುವ ಹೊಣೆ ಯಾರದು? ಕೇಂದ್ರೀಯ ಅಂತರ್ಜಲ ಮಂಡಳಿ ವರ್ಷಕ್ಕೊಮ್ಮೆ ಅಂತರ್ಜಲ ಗುಣಮಟ್ಟದ ವರದಿ ತರುತ್ತದೆ. 2024ರ ವರದಿಯಲ್ಲಿ ನೈಟ್ರೇಟ್ ಇದೆ, ಫ್ಲೋರೈಡ್ ಇದೆ, ಆರ್ಸೆನಿಕ್, ಕಬ್ಬಿಣ, ಯುರೇನಿಯಂ ಇವೆ. ಕೀಟನಾಶಕದ ಅಧ್ಯಾಯವಿಲ್ಲ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್‌ನಲ್ಲಿ ಹಳ್ಳಿಗೆ ಐವರು ಹೆಂಗಸರಿಗೆ ತರಬೇತಿ ಕೊಟ್ಟು ಪರೀಕ್ಷಾ ಕಿಟ್ ಕೊಡುವ ಏರ್ಪಾಡಿದೆ, ಒಳ್ಳೆಯ ಏರ್ಪಾಡೇ. ಆ ಕಿಟ್ಟಿನಲ್ಲಿ ಗಡಸುತನ, ಕ್ಲೋರೈಡ್, ನೈಟ್ರೇಟ್, ಫ್ಲೋರೈಡ್, ಕಬ್ಬಿಣ ಇಂಥವು ತಿಳಿಯುತ್ತವೆ. ಬಣ್ಣ ಬದಲಾಗುವ ಹನಿಗಳಿಂದ ಮೈಕ್ರೋಗ್ರಾಂ ಮಟ್ಟದ ಅಟ್ರಾಜಿನ್ ತಿಳಿಯುವುದಿಲ್ಲ, ಅದಕ್ಕೆ ದುಬಾರಿ ಯಂತ್ರ ಮತ್ತು ಅದನ್ನು ನಡೆಸಬಲ್ಲ ಕೆಮಿಸ್ಟ್ ಬೇಕು.

5 ರೂಪಾಯಿ ನಾಣ್ಯ ಹಾಕಿದರೆ ಕೊಡ ತುಂಬುವ ಶುದ್ಧ ಕುಡಿಯುವ ನೀರಿನ ಘಟಕಗಳಿವೆಯಲ್ಲ ಎನ್ನುವವರೂ ಇದ್ದಾರೆ. ಫ್ಲೋರೈಡ್, ಉಪ್ಪಿನಂಶ ಕಂಡು ಹಾಕಿದ ಘಟಕಗಳು ಅವು. ಅವುಗಳ ಕಾರ್ಬನ್ ಹೊಸದಿದ್ದಾಗ ಕೀಟನಾಶಕವನ್ನೂ ಹಿಡಿಯುತ್ತದೆ, ತುಂಬಿದ ಮೇಲೆ ಹಿಡಿಯುವುದಿಲ್ಲ. ಕಾರ್ಬನ್ ಬದಲಿಸಿದ್ದು ಯಾವಾಗ ಎಂದು ಕೇಳಿದರೆ ಘಟಕದ ಬಾಗಿಲಲ್ಲಿ ಕೂತವರಿಗೆ ಗೊತ್ತಿರುವುದು ಅಪರೂಪ.

ಇನ್ನು ಪಟ್ಟಿಯ ಮಾತು. ಭಾರತದಲ್ಲಿ ನೋಂದಣಿಯಾದ ಕೀಟನಾಶಕಗಳು ಇನ್ನೂರೈವತ್ತಕ್ಕೂ ಹೆಚ್ಚು. ಕುಡಿಯುವ ನೀರಿನ ಪಟ್ಟಿಯಲ್ಲಿರುವವು 18. ಅವುಗಳಲ್ಲೂ ಆಲ್ಡ್ರಿನ್, ಡಿಡಿಟಿ, ಲಿಂಡೇನ್, ಎಂಡೋಸಲ್ಫಾನ್‌ನಂಥ, ಹೊಲದಿಂದ ಆಗಲೇ ನಿಷೇಧವಾದ ಹೆಸರುಗಳು ಕೆಲವು. ಇಂದು ಹತ್ತಿ, ಭತ್ತ, ಮೆಣಸಿನಕಾಯಿಗೆ ಎಲ್ಲೆಡೆ ಹೊಡೆಯುವ, ನೀರಿನಲ್ಲಿ ಸುಲಭವಾಗಿ ಕರಗುವ ಇಮಿಡಾಕ್ಲೋಪ್ರಿಡ್, ಥಯಾಮೆಥೋಕ್ಸಾಮ್ ಆ ಪಟ್ಟಿಯಲ್ಲಿಲ್ಲ. ಬಾಟಲಿಯ ನಿಯಮದಲ್ಲಿ ಈ ತೊಂದರೆ ಇಲ್ಲ, ಅಲ್ಲಿ ‘ಯಾವುದೇ ಒಂದು’ ಎಂಬ ಮಾತಿದೆ. ಒಂದು ಸರ್ವನಾಮದಿಂದ ಎಷ್ಟು ಕೆಲಸ ಆಗುತ್ತದೆ ನೋಡಿ.

ಸರ್ಕಾರಕ್ಕೆ ಇದೆಲ್ಲ ಗೊತ್ತೇ ಇಲ್ಲ ಎನ್ನಲೂ ಆಗದು. ಬೇರೆ ದೇಶಗಳಲ್ಲಿ ನಿಷೇಧವಾಗಿಯೂ ಭಾರತದಲ್ಲಿ ಬಳಕೆಯಲ್ಲಿರುವ 66 ಕೀಟನಾಶಕಗಳನ್ನು ಪರಿಶೀಲಿಸಲು 2013ರಲ್ಲಿ ಅನುಪಮ್ ವರ್ಮಾ ಸಮಿತಿ ನೇಮಕವಾಯಿತು. ಮುಂದುವರಿದ ಪರಿಶೀಲನೆಯ ಫಲವಾಗಿ 2020ರ ಮೇ ತಿಂಗಳಲ್ಲಿ ಕೇಂದ್ರ ಕೃಷಿ ಸಚಿವಾಲಯವೇ 27 ಕೀಟನಾಶಕಗಳನ್ನು ನಿಷೇಧಿಸುವ ಕರಡು ಆದೇಶ ಹೊರಡಿಸಿತು. ಅದರಲ್ಲಿ ಅಟ್ರಾಜಿನ್ ಇತ್ತು. ಕಂಪನಿಗಳು ಆಕ್ಷೇಪಣೆ ಸಲ್ಲಿಸಿದವು, ಗಡುವು ಮುಂದಕ್ಕೆ ಹೋಯಿತು, ಮತ್ತೊಮ್ಮೆ ಪರಿಶೀಲನೆ ನಡೆಯಿತು. 2023ರಲ್ಲಿ ಅಂತಿಮ ಆದೇಶ ಬಂದಾಗ ನಿಷೇಧವಾದವು ಬೆರಳೆಣಿಕೆಯಷ್ಟು ಹೆಸರುಗಳು. ಅಟ್ರಾಜಿನ್ ಅವುಗಳಲ್ಲಿ ಇರಲಿಲ್ಲ. ಯುರೋಪು 2004ರಲ್ಲೇ ಅದಕ್ಕೆ ಪರವಾನಗಿ ನಿರಾಕರಿಸಿತ್ತು, ಅಂತರ್ಜಲದಲ್ಲಿ 0.1 ಮೀರದಂತೆ ಬಳಸಬಹುದು ಎಂದು ತೋರಿಸಲು ತಯಾರಕರಿಂದ ಆಗಲಿಲ್ಲ ಎಂಬುದು ಕಾರಣ. ಅಲ್ಲಿ ರುಜುವಾತಿನ ಭಾರ ತಯಾರಕರ ತಲೆಯ ಮೇಲಿತ್ತು. ಇಲ್ಲಿ ಅದು ಕೊಡ ಹಿಡಿದು ನಿಂತವರ ಮೇಲಿದೆ. ಭಾರತದ 1968ರ ಕಾಯ್ದೆಯಲ್ಲಿ ನೋಂದಣಿಗೆ ಅವಧಿಯೇ ಇಲ್ಲ. ಒಮ್ಮೆ ಒಳಗೆ ಬಂದ ರಾಸಾಯನಿಕ, ಸರ್ಕಾರ ತಾನಾಗಿ ಎದ್ದು ಹೊರಹಾಕುವವರೆಗೆ ಇರುತ್ತದೆ. ಅದನ್ನು ಬದಲಿಸುವ ಮಸೂದೆಗಳು 2008ರಲ್ಲೊಂದು, 2020ರಲ್ಲೊಂದು ಸಂಸತ್ತಿಗೆ ಬಂದವು. ಎರಡೂ ಕಾಯ್ದೆಯಾಗಲಿಲ್ಲ.

ಕನ್ನಡದವರಿಗೆ ಎಂಡೋಸಲ್ಫಾನ್ ಗೊತ್ತು. ಕಾಸರಗೋಡಿನ ಗೇರು ತೋಟಗಳ ಮೇಲೆ ಎರಡು ದಶಕ ಹೆಲಿಕಾಪ್ಟರ್ ಹಾರಿತು, ದಕ್ಷಿಣ ಕನ್ನಡದ ಕೊಕ್ಕಡದ ಕಡೆಯೂ ಹಾರಿತು. ಪಡ್ರೆಯಂಥ ಊರುಗಳ ಮಕ್ಕಳ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. 2011ರಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿತು. ಅಷ್ಟಾಗಲು ಹೆಲಿಕಾಪ್ಟರ್ ಬೇಕಾಯಿತು, ಚಿತ್ರಗಳು ಬೇಕಾದವು. ಬಂಡೆಯ ಸೀಳಿನಲ್ಲಿ ಇಳಿಯುವ ವಸ್ತುವಿಗೆ ಚಿತ್ರವಿಲ್ಲ. ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ.

ಭಾಷೆಯೂ ಇಲ್ಲಿ ತನ್ನ ಕೈಲಾದಷ್ಟು ಅಡಗಿಸುತ್ತದೆ. ಹಳೇ ಮೈಸೂರಿನ ಕಡೆ ಹೊಡೆಯುವುದು ‘ಔಷಧಿ’. ಧಾರವಾಡ, ಹಾವೇರಿಯ ಕಡೆ ‘ಎಣ್ಣಿ’. ಸಾಲಗಾರ ರೈತ ‘ಎಣ್ಣಿ ಕುಡದ’ ಎಂದರೆ ಮಾತ್ರ ಅದು ವಿಷವೆಂದು ಎಲ್ಲರಿಗೂ ಅರ್ಥವಾಗುತ್ತದೆ. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ಗುರುತು ಹೇಳುವುದೂ ಅಷ್ಟನ್ನೇ: ಒಮ್ಮೆಗೇ ಮೈಗೆ ಹೋದರೆ ಎಷ್ಟಕ್ಕೆ ಸಾವು ಬರುತ್ತದೆ ಎಂದು. ಇಪ್ಪತ್ತು ವರ್ಷ ಹನಿಹನಿಯಾಗಿ ಕುಡಿದರೆ ಏನು ಎಂಬುದಕ್ಕೆ, ಅಥವಾ ಇದು ನೆಲದ ನೀರಿಗೆ ಇಳಿಯುವ ಜಾತಿಯದು ಎಂಬುದಕ್ಕೆ, ಆ ಬಣ್ಣಗಳಲ್ಲಿ ಜಾಗವಿಲ್ಲ. ಹಸಿರು ಗುರುತಿನ ಡಬ್ಬಿ ಕೆಂಪು ಗುರುತಿನದಕ್ಕಿಂತ ಬಾವಿಗೆ ಕೆಟ್ಟದ್ದಾಗಿರಬಹುದು.

ರೈತರನ್ನು ಇದರಲ್ಲಿ ಆರೋಪಿ ಮಾಡುವುದು ಸುಲಭ, ಅನ್ಯಾಯವೂ ಹೌದು. ಕಳೆ ಕೀಳಲು ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಕೊಟ್ಟು ಮೆಕ್ಕೆಜೋಳದಲ್ಲಿ ಗಿಟ್ಟುವುದಿಲ್ಲ. ಎಡೆ ಹೊಡೆಯುತ್ತಿದ್ದ ಎತ್ತು ಹೋಗಿದೆ, ಎಡೆ ಹೊಡೆಯುತ್ತಿದ್ದ ಮಗ ನಗರಕ್ಕೆ ಹೋಗಿದ್ದಾನೆ. ಕೆಲವು ನೂರು ರೂಪಾಯಿಯ ಪೊಟ್ಟಣ ಒಂದು ಎಕರೆಯ ಕಳೆ ತಡೆಯುತ್ತದೆ. ಅಂಗಡಿಯಾತ ಕೊಟ್ಟದ್ದನ್ನು, ಸರ್ಕಾರ ಪರವಾನಗಿ ಕೊಟ್ಟದ್ದನ್ನು, ವಿಶ್ವವಿದ್ಯಾಲಯ ಶಿಫಾರಸು ಮಾಡಿದ್ದನ್ನು ಆತ ಹೊಡೆಯುತ್ತಾನೆ. ಅವನ ಬೋರಿನ ನೀರನ್ನು ಮೊದಲು ಕುಡಿಯುವುದೂ ಅವನ ಮನೆಯವರೇ.

ಖರ್ಚು ಯಾರದು ಎಂಬುದಕ್ಕೆ ಒಂದು ಮಾದರಿಯಿದೆ. ಅಮೆರಿಕದ ಇಲಿನಾಯ್ ರಾಜ್ಯದ ಗ್ರೀನ್‌ವಿಲ್ ಎಂಬ ಸಣ್ಣ ಪಟ್ಟಣ ಮತ್ತು ಅಂಥ ಅನೇಕ ನೀರು ಸರಬರಾಜು ಸಂಸ್ಥೆಗಳು, ಕುಡಿಯುವ ನೀರಿನಿಂದ ಅಟ್ರಾಜಿನ್ ಸೋಸುವ ಖರ್ಚನ್ನು ತಯಾರಕರೇ ಕೊಡಬೇಕೆಂದು ದಾವೆ ಹೂಡಿದವು. ಗೈಗಿಯ ಉತ್ತರಾಧಿಕಾರಿ ಸಿಂಜೆಂಟಾ ತಪ್ಪೊಪ್ಪಿಕೊಳ್ಳದೆಯೇ 2012ರಲ್ಲಿ 10.5 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಆ ಪಟ್ಟಣಗಳ ಕೈಯಲ್ಲಿ ಇದ್ದದ್ದು ವರ್ಷಗಟ್ಟಲೆಯ ಪರೀಕ್ಷಾ ದಾಖಲೆ. ದಾಖಲೆಯಿಲ್ಲದ ಪಂಚಾಯಿತಿ ಯಾವ ಕೋರ್ಟಿಗೆ ಹೋದೀತು?

ಬಾವಿಗೂ ಬಾಟಲಿಗೂ ಒಂದೇ ವಾಕ್ಯ ಬರೆಯುವುದಕ್ಕೆ, ‘ಯಾವುದೇ ಒಂದು ಕೀಟನಾಶಕ 0.1, ಎಲ್ಲ ಸೇರಿ 0.5, ಒಡಕುಗಳೂ ಒಳಗೊಂಡು’ ಎನ್ನುವುದಕ್ಕೆ, ಹೊಸ ಸಂಶೋಧನೆ ಬೇಕಿಲ್ಲ. ನೆಲಕ್ಕಿಳಿಯುವ ಗುಣದ ಕಳೆನಾಶಕ ಮಾರುವ ಕಂಪನಿ, ತಾನು ಹೆಚ್ಚು ಮಾರುವ ಜಿಲ್ಲೆಗಳ ಬಾವಿಗಳ ಪರೀಕ್ಷೆಯ ಖರ್ಚು ಕಟ್ಟಬೇಕು ಎಂಬುದನ್ನು ನೋಂದಣಿಯ ಷರತ್ತಾಗಿ ಹಾಕಬಹುದು. ಪರೀಕ್ಷೆಯನ್ನು ಮಾತ್ರ ಅದರ ಕೈಗೆ ಕೊಡಬಾರದು. ದಾವಣಗೆರೆ, ಹಾವೇರಿಯಲ್ಲಿ ಶುರುಮಾಡುವುದಾದರೆ ಮಾದರಿ ತೆಗೆಯಬೇಕಾದ ತಿಂಗಳುಗಳೂ ಗೊತ್ತಿವೆ. ಬಿತ್ತನೆಗೆ ಮುಂಚೆ ಮೇ ತಿಂಗಳಲ್ಲಿ ಒಮ್ಮೆ, ಜುಲೈ ಕೊನೆಗೆ ಒಮ್ಮೆ, ಕಟಾವು ಮುಗಿದ ಮೇಲೆ ಒಮ್ಮೆ. ಆಳದ ಬೋರಿನಿಂದಷ್ಟೇ ಅಲ್ಲ, ಊರ ಹಳೆಯ ತೆರೆದ ಬಾವಿಯಿಂದಲೂ, ಶಾಲೆಯ ಕೈಪಂಪಿನಿಂದಲೂ. ಫಲಿತಾಂಶವನ್ನು ಪಂಚಾಯಿತಿ ಗೋಡೆಯ ಮೇಲೆ, ಫ್ಲೋರೈಡ್ ಅಂಕಿಯ ಕೆಳಗೆ, ಕನ್ನಡದಲ್ಲಿ ಬರೆಯಬೇಕು. ಅಲ್ಲಿ ಔಷಧಿ ಎಂದು ಬರೆಯಬಾರದು.